ಹಿರಿಯರ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ನೆಟ್‌ಗೆ ಹಾಕಿದರೆ ಭಾಷೆ ಉಳಿಯೋದಿಲ್ವಾ?

ಪ್ರಶ್ನೆ: ನಾನು ಹಾಸನದ ಕಡೆಯವನು. ಕೆಲವು ವರ್ಷಗಳಿಂದ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಮಗಳ ಶಾಲೆಯಲ್ಲಿ ಸಭೆಗೆ ಮೊದಲು ಕೌರ್ಣ ಎಂಬ ಮೂಲನಿವಾಸಿ ಭಾಷೆಯಲ್ಲಿ ಎರಡು ಸಾಲು ಹೇಳಿಸುತ್ತಾರೆ. ಇಂಥ ಎಷ್ಟೋ ಭಾಷೆಗಳು ಸಾಯುತ್ತಿವೆ ಅಂತ ಓದಿದೆ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ. ಹಿರಿಯರ ಮಾತು, ಹಾಡು, ಕಥೆ ಎಲ್ಲ ರೆಕಾರ್ಡ್ ಮಾಡಿ, ನೆಟ್‌ಗೆ ಹಾಕಿ, ಎಐಗೆ ಕಲಿಸಿದರೆ ಉಳಿಯೋದಿಲ್ವಾ? ಕೆಲವು ಸಮುದಾಯಗಳೇ ಬೇಡ ಅನ್ನುತ್ತವಂತೆ, ಯಾಕೆ? ಇನ್ನೊಂದು, ಈ ಭಾಷೆಗಳು ನಮ್ಮ ದ್ರಾವಿಡ ಭಾಷೆಗಳ ನೆಂಟರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ? ನನ್ನಿಂದ ಏನಾದರೂ ಸಹಾಯ ಆಗಬಹುದಾ?

ಉತ್ತರ: ನೀವಿರುವ ಊರಿನ ಭಾಷೆಯಿಂದಲೇ ಶುರು ಮಾಡುತ್ತೇನೆ. ಕೌರ್ಣವನ್ನು ಮನೆಮಾತಾಗಿ ಆಡುತ್ತಿದ್ದ ಕಾಲದ ಒಂದು ಧ್ವನಿಮುದ್ರಣವೂ ಇಲ್ಲ. ಆದರೂ ನಿಮ್ಮ ಮಗಳು ಇವತ್ತು ಅದರಲ್ಲಿ ಎರಡು ಸಾಲು ಹೇಳುತ್ತಿದ್ದಾಳೆ. ಇದು ಹೇಗಾಯಿತು ಅಂತ ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

1838ರಲ್ಲಿ ಕ್ರಿಶ್ಚಿಯನ್ ಟೈಖೆಲ್‌ಮನ್ ಮತ್ತು ಕ್ಲಾಮೊರ್ ಶೂರ್ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಅಡಿಲೇಡ್‌ಗೆ ಬಂದಿಳಿದರು. ಆಗ ಆ ಊರು ಹುಟ್ಟಿ ಎರಡು ವರ್ಷವಾಗಿತ್ತು ಅಷ್ಟೆ. ಮುಲ್ಲವಿರ್ರಬುರ್ಕ, ಕಡ್ಲಿಟ್‌ಪಿನ್ನ, ಇಟ್ಯಮೈಟ್‌ಪಿನ್ನ ಎಂಬ ಕೌರ್ಣ ಮುಖಂಡರ ಜೊತೆ ಕೂತು ಇವರು ಭಾಷೆ ಕಲಿತರು. ಟಾರೆನ್ಸ್ ಹೊಳೆಯ ಉತ್ತರ ದಡದಲ್ಲಿ ಪಿಲ್ಟವೋಡ್ಲಿ ಎಂಬ ಜಾಗವಿತ್ತು. ಈಗ ಅಲ್ಲಿ ಗಾಲ್ಫ್ ಮೈದಾನವಿದೆ. ನೀವು ಕ್ರಿಕೆಟ್ ನೋಡೋಕೆ ಹೋಗುವ ಓವಲ್‌ನಿಂದ ದೂರವೇನಿಲ್ಲ. ಅಲ್ಲಿ 1839ರ ಕೊನೆಗೆ ಶಾಲೆ ತೆರೆದರು. ಪಾಠ ನಡೆದದ್ದು ಕೌರ್ಣದಲ್ಲೇ. 1840ರಲ್ಲಿ ಒಂದು ಪುಸ್ತಕ ಅಚ್ಚಾಯಿತು. ಅದರಲ್ಲಿ ಚಿಕ್ಕ ವ್ಯಾಕರಣ, ಸುಮಾರು 2,000 ಪದ, 200ರಷ್ಟು ವಾಕ್ಯಗಳಿದ್ದವು. ಶಾಲೆಯ ಮಕ್ಕಳು ತಮ್ಮ ಭಾಷೆಯಲ್ಲೇ ಕಾಗದ ಬರೆದರು. ಅವುಗಳಲ್ಲಿ ಕೆಲವು ಜರ್ಮನಿಗೆ ಹೋಗಿ ಅಲ್ಲೇ ಉಳಿದುಕೊಂಡವು.

1845ರಲ್ಲಿ ಆಡಳಿತ ಆ ಶಾಲೆಯನ್ನು ಮುಚ್ಚಿಸಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿತು. ರೋಗ, ನೆಲ ಕಳೆದುಕೊಂಡದ್ದು, ಊರು ಬಿಡಿಸಿದ್ದು ಎಲ್ಲಾ ಸೇರಿ 1860ರ ದಶಕದ ಹೊತ್ತಿಗೆ ಕೌರ್ಣದ ದಿನಬಳಕೆ ನಿಂತಿತ್ತು. ಆ ಭಾಷೆ ಬಲ್ಲ ಕೊನೆಯವರು ಅಂತ ಹೇಳಲಾಗುವ ಇವಾರಿಟ್ಜಿ 1929ರಲ್ಲಿ ತೀರಿಕೊಂಡರು. ಟೈಖೆಲ್‌ಮನ್ 1857ರಲ್ಲಿ ಇನ್ನೊಂದು ಪದಕೋಶವನ್ನು ಕೈಬರಹದಲ್ಲಿ ಸಿದ್ಧಮಾಡಿ ಜಾರ್ಜ್ ಗ್ರೇಗೆ ಕಳಿಸಿದ್ದರು. ಗ್ರೇ ಆಗ ದಕ್ಷಿಣ ಆಫ್ರಿಕಾದ ಕೇಪ್ ಕಾಲನಿಯ ಗವರ್ನರ್. ಹಾಗಾಗಿ ಅಡಿಲೇಡ್‌ನ ಭಾಷೆಯ ಒಂದು ಮುಖ್ಯ ಹಸ್ತಪ್ರತಿ ಕೇಪ್‌ಟೌನ್‌ನ ಗ್ರಂಥಾಲಯ ಸೇರಿತು.

1990ರ ಸುಮಾರಿಗೆ ಕೌರ್ಣ ಜನರೂ ರಾಬ್ ಅಮೆರಿ ಎಂಬ ಭಾಷಾತಜ್ಞರೂ ಈ ಕಾಗದಗಳನ್ನು ಮುಂದಿಟ್ಟುಕೊಂಡು ಕೂತರು. ಮೊದಲು ಮಾಡಿದ್ದು ಹಾಡುಗಳನ್ನು. ಆಮೇಲೆ ಶಾಲೆಯ ಪಾಠ, ಸ್ವಾಗತ ಭಾಷಣ, ಸಾವಿನ ಮನೆಯಲ್ಲಿ ಹೇಳುವ ಮಾತು. 2002ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಕೌರ್ಣ ವರ್ರ ಪಿಂಟ್ಯಾಂತಿ ಎಂಬ ಗುಂಪು ಹುಟ್ಟಿತು. ಹೊಸ ಪದ ಕಟ್ಟುವುದು, ಹೆಸರಿಡುವುದು, ಪಾಠ ಸಿದ್ಧಮಾಡುವುದು ಇವೆಲ್ಲ ಈಗ ಅಲ್ಲಿ ಚರ್ಚೆಯಾಗಿಯೇ ಆಗುತ್ತವೆ.

ಇದು ಸಾಧ್ಯವಾದದ್ದು 2,000 ಪದಗಳಿಂದ ಅಂತ ನನಗೆ ಅನ್ನಿಸುವುದಿಲ್ಲ. ಆ 200 ವಾಕ್ಯ, ಆ ವ್ಯಾಕರಣ, ಆ ಮಕ್ಕಳ ಕಾಗದ, ಇವುಗಳಿಂದ. ಪದಪಟ್ಟಿ ಮಾತ್ರ ಇದ್ದಿದ್ದರೆ ಶಾಲೆಯ ಗೋಡೆಗೆ ಪ್ರಾಣಿಗಳ ಹೆಸರು ಅಂಟಿಸಬಹುದಿತ್ತು, ಅಷ್ಟೆ. ಆಸ್ಟ್ರೇಲಿಯಾದ ಬಹಳಷ್ಟು ಭಾಷೆಗಳ ಪಾಡು ಅದೇ ಆಯಿತು. 1870–80ರ ದಶಕಗಳಲ್ಲಿ ಎಡ್ವರ್ಡ್ ಕರ್ ಎಂಬಾತ ಒಂದು ಅಚ್ಚಾದ ಪದಪಟ್ಟಿಯನ್ನು ದೇಶದ ತುಂಬ ಪೊಲೀಸರಿಗೆ, ಕುರಿ ಸಾಕುವ ಜಮೀನ್ದಾರರಿಗೆ ಹಂಚಿದರು. ನೀರು, ನಾಯಿ, ಬೆಂಕಿ, ಮೂಗು ಇಂಥ ಪದಗಳ ಎದುರು ಅವರು ಕೇಳಿದ್ದನ್ನು ಬರೆದು ವಾಪಸ್ ಕಳಿಸಿದರು. ಕೆಲವು ಭಾಷೆಗಳಿಗೆ ಇವತ್ತಿಗೂ ಮುಖ್ಯ ಆಧಾರ ಇಂಥ ಪಟ್ಟಿಗಳೇ. ಅದರಿಂದ 'ನಾಳೆ ಬರ್ತೀಯಾ' ಅಂತ ಕೇಳೋದು ಹೇಗೆ ಅನ್ನುವುದು ಗೊತ್ತಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಸಿಡ್ನಿಯದು. 1790–91ರಲ್ಲಿ ವಿಲಿಯಂ ಡಾವ್ಸ್ ಎಂಬ ನೌಕಾಪಡೆಯ ಅಧಿಕಾರಿ, ಪಟ್ಯೆಗರಾಂಗ್ ಎಂಬ ಹದಿಹರೆಯದ ಹುಡುಗಿಯಿಂದ ಭಾಷೆ ಕಲಿಯುತ್ತ, ತಮ್ಮಿಬ್ಬರ ನಡುವಿನ ಮಾತುಕತೆಯನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ನಿಮ್ಮವರು ಯಾಕೆ ಹೆದರುತ್ತಾರೆ ಅಂತ ಅವನು ಕೇಳುತ್ತಾನೆ. ಬಂದೂಕಿಗೆ ಅಂತ ಅವಳು ಹೇಳುತ್ತಾಳೆ. ಆ ನೋಟ್‌ಬುಕ್ಕುಗಳು ಈಗ ಲಂಡನ್‌ನಲ್ಲಿವೆ. ಪ್ರಶ್ನೆ ಹೇಗೆ, ಕಾರಣ ಹೇಗೆ, ಭೂತಕಾಲ ಹೇಗೆ, ಎಲ್ಲಾ ಆ ಕೆಲವೇ ಪುಟಗಳಲ್ಲಿ ಸಿಗುತ್ತದೆ. ವಸಾಹತು ಬಂದು ಎರಡು–ಮೂರು ವರ್ಷದಲ್ಲಿ ಊರಿನ ಪರಿಸ್ಥಿತಿ ಹೇಗಿತ್ತು ಅನ್ನುವುದೂ ಸಿಗುತ್ತದೆ.

ಹಾಗಂತ ಹಳೆಯ ದಾಖಲೆಗಳನ್ನು ಜಾಸ್ತಿ ಹೊಗಳುವುದೂ ಬೇಡ. ಕೌರ್ಣವನ್ನೇ ನೋಡಿ. ಬರೆದವರು ಗಂಡಸರು, ಪಾದ್ರಿಗಳು. ಹೇಳಿಕೊಟ್ಟವರಲ್ಲಿ ಹೆಚ್ಚಿನವರೂ ಗಂಡಸರು. ತಾಯಿ ಮಗುವನ್ನು ಮಲಗಿಸುವಾಗ ಏನು ಹೇಳುತ್ತಿದ್ದಳು, ಅಕ್ಕತಂಗಿಯರು ಹೇಗೆ ರೇಗಿಸಿಕೊಳ್ಳುತ್ತಿದ್ದರು, ಅದೆಲ್ಲ ಆ ಪುಸ್ತಕದಲ್ಲಿ ಸಿಗುವುದು ಕಡಿಮೆ. ಇವತ್ತು ಮನೆಯಲ್ಲಿ ಮಕ್ಕಳ ಜೊತೆ ಕೌರ್ಣ ಆಡಬೇಕು ಅನ್ನುವವರಿಗೆ ಬೇಕಾಗಿರುವುದು ಅದೇ.

ಈಗ ಉಚ್ಚಾರಣೆಯ ವಿಷಯ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಿಮ್ಮ ದ್ರಾವಿಡ ಪ್ರಶ್ನೆಯೂ ಇಲ್ಲೇ ಬರುತ್ತದೆ.

ಆಸ್ಟ್ರೇಲಿಯಾದ ಹೆಚ್ಚಿನ ಮೂಲನಿವಾಸಿ ಭಾಷೆಗಳಲ್ಲಿ ನಮ್ಮ ಟ, ಣ, ಳ ಇವೆ. ನಾಲಿಗೆ ಮಡಿಸಿ ಹೇಳುವ ಈ ಧ್ವನಿಗಳು ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ. ಈಗಿನ ಕೌರ್ಣ ಬರವಣಿಗೆಯಲ್ಲಿ ಎನ್, ಎಲ್, ಟಿ ಅಕ್ಷರಗಳಿಗೆ ಮೊದಲು ಆರ್ ಸೇರಿಸಿ ಇವನ್ನು ತೋರಿಸುತ್ತಾರೆ. ಕೌರ್ಣ ಎಂಬ ಹೆಸರಿನಲ್ಲಿರುವುದೂ ಅದೇ ಣ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಆಡುತ್ತಿದ್ದರೆ, ಕ್ಲಾಸಿನಲ್ಲಿ ಈ ಪದಗಳನ್ನು ಸರಿಯಾಗಿ ಹೇಳುವವರಲ್ಲಿ ಅವಳೂ ಒಬ್ಬಳಾಗಿರಬಹುದು. ಪದದ ಮೊದಲಲ್ಲೇ ಙ ಬರುವುದು ಮಾತ್ರ ನಮಗೂ ಸ್ವಲ್ಪ ಕಷ್ಟ. ಇನ್ನೊಂದು ತೊಡಕಿದೆ. ನಮಗೆ ತ ಮತ್ತು ಟ ಎರಡೇ. ಅವರಿಗೆ ಇವೆರಡರ ನಡುವೆ ಮೂರನೆಯದೊಂದಿದೆ, ಹಲ್ಲಿನ ಬುಡಕ್ಕೆ ನಾಲಿಗೆ ತಾಗಿಸಿ ಹೇಳುವುದು. ಮಲಯಾಳಿ ಗೆಳೆಯರಿದ್ದರೆ ಕೇಳಿ, ಅವರಿಗೆ ಇದು ಸಲೀಸು. ಸ, ಹ ಮತ್ತು ಮಹಾಪ್ರಾಣಗಳು ಈ ಭಾಷೆಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಹಳೆಯ ದಾಖಲೆಗಳ ದೊಡ್ಡ ತೊಂದರೆಯೇ ಇದು. ನ ಮತ್ತು ಣ ಎರಡನ್ನೂ ಒಂದೇ ಥರ ಬರೆದಿರುತ್ತಾರೆ. ಜರ್ಮನ್ ಪಾದ್ರಿಗಳು ಮೊದಲಕ್ಷರದ ಙ ಸರಿಯಾಗಿ ಹಿಡಿದರು, ಆದರೆ ಟ–ತ ವ್ಯತ್ಯಾಸ ಪೂರ್ತಿ ಹಿಡಿಯಲಿಲ್ಲ. ಹಾಗಾದರೆ ಈಗ ಗೊತ್ತುಮಾಡುವುದು ಹೇಗೆ? ಅದೇ ಕುಟುಂಬದ ಅಕ್ಕಪಕ್ಕದ ಭಾಷೆಗಳಲ್ಲಿ ಅದೇ ಪದ ಹೇಗಿದೆ ಅಂತ ನೋಡುತ್ತಾರೆ. ಉತ್ತರಕ್ಕಿರುವ ನುಕುನು, ಅದ್ನ್ಯಮತನ್ಹ ಭಾಷೆಗಳು ಇದಕ್ಕೆ ಸಹಾಯಕ್ಕೆ ಬಂದವು. ನುಕುನು ಬಲ್ಲ ಕೊನೆಯವರಿಂದ ಅದನ್ನು ದಾಖಲಿಸಿದವರು ಲೂಯಿಸ್ ಹರ್ಕಸ್. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. 1926ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದರು, ಹಿಟ್ಲರ್ ಕಾಲದಲ್ಲಿ ಕುಟುಂಬದ ಜೊತೆ ಇಂಗ್ಲೆಂಡಿಗೆ ಬಂದರು. ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದು ಸಂಸ್ಕೃತ, ಪ್ರಾಕೃತ. 1960ರ ದಶಕದಿಂದ ಗಂಡನ ಜೊತೆ ಗಾಡಿ ಹತ್ತಿ ಮರುಭೂಮಿಗೆ ಹೋಗಿ, 'ಈ ಭಾಷೆ ಬಲ್ಲವರು ಯಾರೂ ಉಳಿದಿಲ್ಲ' ಅಂತ ಬರೆದುಹಾಕಿದ್ದ ಕಡೆಯೆಲ್ಲ ಬಲ್ಲವರನ್ನು ಹುಡುಕಿ ರೆಕಾರ್ಡ್ ಮಾಡಿದರು. 2018ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಟ–ಣ ಗೊತ್ತಿದ್ದ ಕಿವಿ ಅವರಿಗೆ ಅಲ್ಲಿ ಉಪಯೋಗಕ್ಕೆ ಬಂದಿರಲೇಬೇಕು ಅಂತ ನನ್ನ ಅಂದಾಜು.

ಸರಿ, ಈಗ ವಾಟ್ಸಾಪ್ ಮೆಸೇಜು. ಈ ನೆಂಟಸ್ತಿಕೆಯ ಊಹೆ ಹೊಸದಲ್ಲ. ಬಿಷಪ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲೇ ಆಸ್ಟ್ರೇಲಿಯಾದ ಭಾಷೆಗಳ ಕಡೆ ಬೆರಳು ತೋರಿಸಿದ್ದರು. ಧ್ವನಿಗಳು ಹೋಲುತ್ತವೆ, ಪದದ ಕೊನೆಗೆ ಪ್ರತ್ಯಯ ಅಂಟಿಸುತ್ತ ಹೋಗುವುದೂ ಹೋಲುತ್ತದೆ. ಆದರೆ ಸಂಬಂಧ ಇದೆ ಅನ್ನೋಕೆ ಅಷ್ಟು ಸಾಲದು. ನಮ್ಮ 'ಪಾಲು–ಹಾಲು', 'ಪಲ್ಲು–ಹಲ್ಲು' ಥರ ಪದದಿಂದ ಪದಕ್ಕೆ ಧ್ವನಿಗಳು ನಿಯಮಿತವಾಗಿ ಹೊಂದಬೇಕು. ಅದನ್ನು ಯಾರೂ ತೋರಿಸಿಲ್ಲ. ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ.

ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲರೂ ಸೇರಿ ರೆಕಾರ್ಡ್ ಮಾಡಿಬಿಟ್ಟರೆ?

ಮೊದಲು ಲೆಕ್ಕ. 1788ರಲ್ಲಿ ಬಿಳಿಯರು ಬಂದಾಗ ಅಲ್ಲಿ 250ಕ್ಕೂ ಜಾಸ್ತಿ ಭಾಷೆಗಳಿದ್ದವು. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ 123 ಭಾಷೆಗಳು ಬಳಕೆಯಲ್ಲಿವೆ ಅನ್ನುತ್ತದೆ. ಅದರಲ್ಲಿ ಮಕ್ಕಳೂ ಆಡುವ ಗಟ್ಟಿ ಭಾಷೆಗಳು 12 ಮಾತ್ರ. ಉಳಿದವುಗಳಲ್ಲಿ ಹಲವಕ್ಕೆ ಚೆನ್ನಾಗಿ ಆಡಬಲ್ಲವರು ಬೆರಳೆಣಿಕೆಯ ಮುದುಕರು. ಅವಸರ ಇರುವುದು ನಿಜ.

ಆದರೆ ರೆಕಾರ್ಡ್ ಒತ್ತುವುದು ಕೆಲಸದ ಸಣ್ಣ ಭಾಗ. ಅಜ್ಜಿ ಒಬ್ಬರು ಕಥೆ ಹೇಳುತ್ತಾರೆ ಅಂತಿಟ್ಟುಕೊಳ್ಳಿ. ಮರದ ಕೆಳಗೆ ಕೂತಿದ್ದಾರೆ, ಗಾಳಿ ಬೀಸುತ್ತಿದೆ, ನಾಯಿ ಬೊಗಳುತ್ತಿದೆ, ಮೊಮ್ಮಕ್ಕಳು ಮೈಕಿನ ತಂತಿ ಎಳೆಯುತ್ತಿದ್ದಾರೆ. ಅರ್ಧ ಗಂಟೆಯಲ್ಲಿ ಕಥೆ ಮುಗಿಯಿತು. ಇನ್ನು ಅದನ್ನು ವಾಕ್ಯ ವಾಕ್ಯವಾಗಿ ಬರೆಯಬೇಕು, ಪ್ರತಿ ಪದ ಬಿಡಿಸಬೇಕು, ಅರ್ಥ ಹಾಕಬೇಕು. ಅದಕ್ಕೆ ಮತ್ತೆ ಆ ಅಜ್ಜಿಯೋ ಅವರ ತಂಗಿಯೋ ಪಕ್ಕದಲ್ಲಿ ಕೂರಬೇಕು. ಒಂದು ಗಂಟೆಯ ಧ್ವನಿಗೆ ನಲವತ್ತು–ಐವತ್ತು ಗಂಟೆ ಕೆಲಸ ಅನ್ನುವುದು ಈ ಕ್ಷೇತ್ರದಲ್ಲಿ ಮಾಮೂಲಿ ಲೆಕ್ಕ. ಹೊಸ ಭಾಷೆಯಾದರೆ ಇನ್ನೂ ಜಾಸ್ತಿ. ಬರೆಯದೇ ಬಿಟ್ಟ ರೆಕಾರ್ಡಿಂಗ್, ಆ ಭಾಷೆ ಬಲ್ಲವರು ಹೋದ ಮೇಲೆ ಬರೀ ಸದ್ದು. ಪ್ರಪಂಚದ ಆರ್ಕೈವ್‌ಗಳಲ್ಲಿ ಇಂಥವು ಬೇಕಾದಷ್ಟಿವೆ. ನಿಮ್ಮ ಎಐ ನಿಜವಾಗಿ ನೆರವಾಗಬಹುದಾದ ಜಾಗ ಇದು. ಆಸ್ಟ್ರೇಲಿಯಾದಲ್ಲೇ ಎಲ್ಪಿಸ್ ಎಂಬ ಟೂಲ್ ಕಟ್ಟಿದ್ದಾರೆ. ಇರುವ ಸ್ವಲ್ಪ ಬರಹದಿಂದ ಕಲಿತು, ಹೊಸ ಧ್ವನಿಗೆ ಮೊದಲ ಕರಡು ಹಾಕಿಕೊಡುತ್ತದೆ. ಕರಡು ಮಾತ್ರ. ತಿದ್ದೋಕೆ ಅಜ್ಜಿ ಬೇಕೇ ಬೇಕು.

ಧ್ವನಿ ಮಾತ್ರ ಸಾಲುವುದೂ ಇಲ್ಲ. ಮಧ್ಯ ಆಸ್ಟ್ರೇಲಿಯಾದ ಹೆಂಗಸರು ಕಥೆ ಹೇಳುವಾಗ ಮರಳಿನ ಮೇಲೆ ಬೆರಳಿನಲ್ಲಿ ಗೆರೆ ಎಳೆಯುತ್ತ ಹೋಗುತ್ತಾರೆ. ಯಾರು ಎಲ್ಲಿ ಕೂತರು, ಯಾವ ಕಡೆ ನಡೆದರು ಅನ್ನುವುದು ಆ ಗೆರೆಯಲ್ಲಿರುತ್ತದೆ. ಬಾಯಲ್ಲಿ 'ಹೀಗೆ ಹೋದಳು' ಅಂತಷ್ಟೇ. ವಾರ್ಲ್ಪಿರಿ ಜನರಲ್ಲಿ ಗಂಡ ಸತ್ತ ಹೆಂಗಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿಯೂ ಬಾಯಿ ತೆರೆಯುವುದಿಲ್ಲ. ಆಗೆಲ್ಲ ಮಾತು ಕೈಯಲ್ಲಿ. ಅದು ಸುಮ್ನೆ ಸನ್ನೆಯಲ್ಲ, ಸಾವಿರಕ್ಕೂ ಮೀರಿದ ಚಿಹ್ನೆಗಳ ಪೂರ್ತಿ ಭಾಷೆ. ಆಡಿಯೊ ಫೈಲಿನಲ್ಲಿ ಅದು ನಿಶ್ಶಬ್ದ.

ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡಿನ ಜಿರ್ಬಲ್ ಜನರಲ್ಲಿ ಇನ್ನೊಂದು ಪದ್ಧತಿಯಿತ್ತು. ಅತ್ತೆ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದರೆ ಅಳಿಯ ಮಾಮೂಲಿ ಮಾತು ಆಡುವಂತಿಲ್ಲ. ಜಲ್ಙುಯ್ ಎಂಬ ಬೇರೆಯೇ ಪದಗಳ ಮಾತಿಗೆ ಬದಲಾಗಬೇಕು. ವ್ಯಾಕರಣ ಅದೇ, ಧ್ವನಿಗಳೂ ಅವೇ, ಪದಗಳು ಮಾತ್ರ ಬೇರೆ. ಗಂಡನ ಹೆಸರು ಬಾಯಲ್ಲಿ ಹೇಳದೆ ಸುತ್ತಿ ಬಳಸಿ ಕರೆಯುತ್ತಿದ್ದ ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಿ. ಅಲ್ಲಿ ಇಡೀ ಶಬ್ದಭಂಡಾರಕ್ಕೇ ಆ ಮರ್ಯಾದೆ. 1963ರಲ್ಲಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಎಂಬ ಭಾಷಾತಜ್ಞ ಅಲ್ಲಿಗೆ ಹೋದಾಗ ಅದರ ಬಳಕೆ ನಿಂತು ಎಷ್ಟೋ ವರ್ಷವಾಗಿತ್ತು. ನೆನಪಿದ್ದವರು ಕೂತು ಒಂದೊಂದೇ ಪದ ಹೇಳಿಕೊಟ್ಟರು. ಇದರ ಒಂದು ಸೊಗಸು ನೋಡಿ. ಅತ್ತೆ ಮಾತಿನಲ್ಲಿ ಪದಗಳು ಕಡಿಮೆ, ಹಾಗಾಗಿ ದಿನದ ಮಾತಿನ ನಾಲ್ಕೈದು ಪದಕ್ಕೆ ಅಲ್ಲಿ ಒಂದೇ ಪದ. ಯಾವ ಪದಗಳು ಒಟ್ಟಿಗೆ ಸೇರುತ್ತವೆ ಅಂತ ನೋಡಿದರೆ, ಆ ಜನ ಅರ್ಥಗಳನ್ನು ಹೇಗೆ ಗುಂಪು ಮಾಡಿಕೊಂಡಿದ್ದರು ಅಂತ ಕಾಣುತ್ತದೆ. ಡಿಕ್ಸನ್ ಅದನ್ನು ಇಟ್ಟುಕೊಂಡೇ ಪದಗಳ ಅರ್ಥ ಬಿಡಿಸಿದರು. ಸಂಬಂಧ, ನಡವಳಿಕೆ, ಪದಕೋಶ ಮೂರೂ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅತ್ತೆಯ ವಿಷಯ ಕೇಳದವರಿಗೆ ಅರ್ಧ ನಿಘಂಟೇ ಸಿಗುತ್ತಿರಲಿಲ್ಲ.

ಇನ್ನು 'ಬೇಡ' ಅನ್ನುವವರ ವಿಷಯ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಮೈಕಿಗಿಂತ ದೊಡ್ಡ ಪ್ರಶ್ನೆ ಇದೇ: ಇದನ್ನು ಯಾರು ಕೇಳಬಹುದು, ಯಾರು ನಿರ್ಧರಿಸುತ್ತಾರೆ?

ಚಾರ್ಲ್ಸ್ ಮೌಂಟ್‌ಫೋರ್ಡ್ ಎಂಬ ಮಾನವಶಾಸ್ತ್ರಜ್ಞ 1940ರಲ್ಲಿ ಮಧ್ಯ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಅಲ್ಲಿನ ಹಿರಿಯರು ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ಹೇಳುವ ಸಂಗತಿಗಳನ್ನು ನಂಬಿಕೆಯಿಂದ ಅವರಿಗೆ ಹೇಳಿದರು. 1976ರಲ್ಲಿ ಅವೆಲ್ಲ ಚಿತ್ರ ಸಮೇತ ಪುಸ್ತಕವಾಗಿ ಅಂಗಡಿಗೆ ಬಂದವು. ಹೆಂಗಸರು, ಮಕ್ಕಳು ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ಅಲ್ಲಿನ ಪಿಟ್ಜಂಟ್ಜಾಟ್ಜರ ಜನ ಕೋರ್ಟಿಗೆ ಹೋದರು. ಇದು ಹೊರಗೆ ಬಂದರೆ ನಮ್ಮ ಸಮಾಜದ ಕಟ್ಟೇ ಕುಸಿಯುತ್ತದೆ ಅಂತ ವಾದಿಸಿದರು. ಕೋರ್ಟ್ ಒಪ್ಪಿ, ನಾರ್ದರ್ನ್ ಟೆರಿಟರಿ ಎಂಬ ಆ ಪ್ರಾಂತ್ಯದಲ್ಲಿ ಮಾರಾಟಕ್ಕೆ ತಡೆ ಕೊಟ್ಟಿತು. ಮೂವತ್ತಾರು ವರ್ಷದ ಹಿಂದೆ ಮರದ ಕೆಳಗೆ ಕೂತು ಹೇಳಿದ ಮಾತು, ನೋಡಿ.

ಸತ್ತವರ ವಿಷಯವೂ ಇದೆ. ಅನೇಕ ಸಮುದಾಯಗಳಲ್ಲಿ ಸತ್ತವರ ಹೆಸರು ಕೆಲವು ಕಾಲ ಹೇಳುವಂತಿಲ್ಲ. ಅದೇ ಹೆಸರಿನ ಬೇರೆಯವರನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ. ಧ್ವನಿ, ಫೋಟೊ ಕೂಡ ಹಾಗೆಯೇ. ಅಲ್ಲಿನ ಟಿವಿಯಲ್ಲಿ ಕಾರ್ಯಕ್ರಮಕ್ಕೆ ಮೊದಲು ಬರುವ ಎಚ್ಚರಿಕೆ ನೀವು ನೋಡಿರುತ್ತೀರಿ. ಯೂಟ್ಯೂಬ್‌ಗೆ ಹಾಕಿದ ವಿಡಿಯೊ ಇದನ್ನೆಲ್ಲ ಕಾಯುವುದಿಲ್ಲ.

ಹಾಗಂತ ಕಂಪ್ಯೂಟರ್ ಬೇಡ ಅಂತ ಯಾರೂ ಹೇಳುತ್ತಿಲ್ಲ. ಟೆನಂಟ್ ಕ್ರೀಕ್‌ನ ವರುಮುಂಗು ಜನ ಕಿಂಬರ್ಲಿ ಕ್ರಿಸ್ಟನ್ ಎಂಬ ಸಂಶೋಧಕಿಯ ಜೊತೆ ಸೇರಿ 2007ರಲ್ಲಿ ತಮ್ಮದೇ ಡಿಜಿಟಲ್ ಆರ್ಕೈವ್ ಮಾಡಿಕೊಂಡರು. ಒಳಗೆ ಬರುವವರು ಗಂಡಸೋ ಹೆಂಗಸೋ, ಯಾವ ಕುಟುಂಬದವರು ಅನ್ನುವುದರ ಮೇಲೆ ಯಾವ ಫೋಟೊ, ಯಾವ ಹಾಡು ತೆರೆಯಬೇಕು ಅನ್ನುವುದು ನಿರ್ಧಾರವಾಗುತ್ತದೆ. ಯಾರಾದರೂ ತೀರಿಕೊಂಡರೆ ಅದನ್ನೂ ಗುರುತು ಹಾಕಬಹುದು. ಇದೇ ಆಮೇಲೆ ಮುಕುರ್ಟು ಎಂಬ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ಆಗಿ ಬೇರೆ ದೇಶಗಳ ಮೂಲನಿವಾಸಿಗಳನ್ನೂ ತಲುಪಿತು. ನಿಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಇದು ಆಕ್ಸೆಸ್ ಕಂಟ್ರೋಲ್, ಅಷ್ಟೆ. ನಿಯಮ ಬರೆದವರು ಮಾತ್ರ ಊರಿನ ಹಿರಿಯರು.

ಇದರಲ್ಲಿ ತಿಕ್ಕಾಟ ಇಲ್ಲವೆಂದಲ್ಲ. ಟಾಸ್ಮೇನಿಯಾದಲ್ಲಿ ಉಳಿದ ಚೂರುಪಾರು ದಾಖಲೆಗಳಿಂದ ಪಲಾವ ಕಾನಿ ಎಂಬ ಭಾಷೆಯನ್ನು 1990ರ ದಶಕದಿಂದ ಮತ್ತೆ ಕಟ್ಟುತ್ತಿದ್ದಾರೆ. ಆ ದಾಖಲೆಗಳಲ್ಲಿ ಫ್ಯಾನಿ ಕಾಕ್ರೇನ್ ಸ್ಮಿತ್ ಎಂಬ ಹೆಂಗಸು 1899 ಮತ್ತು 1903ರಲ್ಲಿ ಮೇಣದ ಸಿಲಿಂಡರುಗಳ ಮೇಲೆ ಹಾಡಿದ ಹಾಡುಗಳೂ ಸೇರಿವೆ. ಪಲಾವ ಕಾನಿ ಬಗ್ಗೆ ವಿಕಿಪೀಡಿಯದಲ್ಲಿದ್ದ ಲೇಖನ ತೆಗೆಯಿರಿ, ಇದು ನಮ್ಮದು ಅಂತ ಅಲ್ಲಿನ ಅಬಾರಿಜಿನಲ್ ಸೆಂಟರ್ ಕೇಳಿತು. ಭಾಷೆಗೆ ಕಾಪಿರೈಟ್ ಇರುವುದಿಲ್ಲ ಅಂತ ವಿಕಿಪೀಡಿಯ ನಡೆಸುವ ಸಂಸ್ಥೆ ವಿಕಿಮೀಡಿಯ ನಿರಾಕರಿಸಿತು. ಕಾನೂನಿನ ಮಟ್ಟಿಗೆ ವಿಕಿಮೀಡಿಯ ಸರಿ ಇರಬಹುದು. ಆದರೆ ನೆಲ, ಮಕ್ಕಳು, ಮಾತು ಎಲ್ಲಾ ಕಳೆದುಕೊಂಡವರು 'ಮೊದಲು ನಮ್ಮ ಮಕ್ಕಳು ಕಲಿಯಲಿ, ಆಮೇಲೆ ಊರೆಲ್ಲ ಕಲಿಯಲಿ' ಅಂದರೆ ಅದು ಜಾಸ್ತಿ ಕೇಳಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಎಐ ಕಂಪನಿಗಳ ಬಗ್ಗೆ ಅವರ ಅನುಮಾನಕ್ಕೂ ಬೇರು ಇಲ್ಲೇ ಇದೆ. ಒಮ್ಮೆ ಒಳಗೆ ಹೋದದ್ದನ್ನು ವಾಪಸ್ ಕೇಳೋಕೆ ಆಗುವುದಿಲ್ಲವಲ್ಲ.

ವಾಪಸ್ ತರುವ ಕೆಲಸವೂ ನಡೆದಿದೆ. 2009ರಲ್ಲಿ ಉತ್ತರ ಆಸ್ಟ್ರೇಲಿಯಾದ ತಿವಿ ದ್ವೀಪಗಳ ಹನ್ನೊಂದು ಜನ ಕ್ಯಾನ್‌ಬೆರಾಕ್ಕೆ ಹೋಗಿ, 1912ರಿಂದ ಈಚೆಗೆ ತಮ್ಮವರು ಹಾಡಿದ್ದ ಹಾಡುಗಳ ರೆಕಾರ್ಡಿಂಗ್ ಕೇಳಿ, ಪ್ರತಿಗಳನ್ನು ಊರಿಗೆ ತಂದರು. ತಿವಿ ಜನರಲ್ಲಿ ಹಾಡನ್ನು ಸಂದರ್ಭಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿ ಹಾಡುತ್ತಾರೆ. ಹಾಡಿನ ಹಳೆಯ ಭಾಷೆ ಈಗಿನ ಹುಡುಗರಿಗೆ ಅರ್ಥವಾಗುವುದೇ ಕಷ್ಟ. ಹಾಗಾಗಿ ಹಳೆಯ ಹಾಡುಗಾರರ ಧ್ವನಿ ಅವರಿಗೆ ಪಾಠಪುಸ್ತಕವೂ ಹೌದು, ಸತ್ತ ನೆಂಟರ ದನಿಯೂ ಹೌದು. ಇಂಥ ಟೇಪುಗಳನ್ನು ಹಾಳಾಗುವ ಮೊದಲೇ ಡಿಜಿಟಲ್ ಮಾಡುವ ಕೆಲಸವನ್ನು ಕ್ಯಾನ್‌ಬೆರಾದ ಸರ್ಕಾರಿ ಸಂಸ್ಥೆ ಏಯಾಟ್ಸಿಸ್ ಮಾಡುತ್ತಿದೆ. ಪೆಸಿಫಿಕ್ ದ್ವೀಪಗಳ ಟೇಪುಗಳಿಗೆ 2003ರಲ್ಲಿ ಶುರುವಾದ ಪ್ಯಾರಡಿಸೆಕ್ ಎಂಬ ಡಿಜಿಟಲ್ ಆರ್ಕೈವ್ ಇದೆ. ಟೇಪಿನಷ್ಟೇ ಟೇಪ್ ಓಡಿಸುವ ಯಂತ್ರವೂ ಅಪರೂಪವಾಗುತ್ತಿದೆ ಅನ್ನುವುದು ಈ ಕೆಲಸದವರ ದೊಡ್ಡ ತಲೆನೋವು.

ಒಂದು ಮಾತು ನಿಮಗೆ ಆಶ್ಚರ್ಯ ಅನ್ನಿಸಬಹುದು. ಆಸ್ಟ್ರೇಲಿಯಾದ ಅತಿ ಒಳ್ಳೆಯ ದಾಖಲೆಗಳಲ್ಲಿ ಕೆಲವು, ದಾಖಲೆ ಮಾಡಬೇಕು ಅಂತ ಮಾಡಿದವಲ್ಲ. 1970ರ ದಶಕದಲ್ಲಿ ನಾರ್ದರ್ನ್ ಟೆರಿಟರಿಯಲ್ಲಿ ಎರಡು ಭಾಷೆಯ ಶಾಲೆಗಳು ಶುರುವಾದವು. ಮಕ್ಕಳು ಮೊದಲು ತಮ್ಮ ಭಾಷೆಯಲ್ಲಿ ಓದು ಕಲಿಯಬೇಕು, ಅದಕ್ಕೆ ಪುಸ್ತಕ ಬೇಕು. ಊರೂರಲ್ಲೇ ಚಿಕ್ಕ ಅಚ್ಚುಕೂಟ ಇಟ್ಟು, ಊರಿನವರೇ ಬರೆದು, ಚಿತ್ರ ಬಿಡಿಸಿ, ಸಾವಿರಾರು ಕಿರುಪುಸ್ತಕ ಮಾಡಿದರು. ಬೇಟೆ, ಅಡುಗೆ, ದೆವ್ವದ ಕಥೆ, ಮಿಷನ್ ಕಾಲದ ನೆನಪು ಎಲ್ಲಾ ಇದೆ ಅದರಲ್ಲಿ. 2008ರಲ್ಲಿ ಅಲ್ಲಿನ ಸರ್ಕಾರ ಶಾಲೆಯ ಮೊದಲ ನಾಲ್ಕು ಗಂಟೆ ಇಂಗ್ಲಿಷೇ ಇರಬೇಕು ಅಂತ ಹೇಳಿದಾಗ ಈ ಶಾಲೆಗಳಿಗೆ ದೊಡ್ಡ ಪೆಟ್ಟು ಬಿತ್ತು. ಮೂಲೆಗೆ ಬಿದ್ದಿದ್ದ ಆ ಪುಸ್ತಕಗಳನ್ನು ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದವರು ಹುಡುಕಿ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ, ಕೇಳಿ ಒಪ್ಪಿಗೆ ಪಡೆದು. ಭಾಷೆಗೆ ಮಾಡೋಕೆ ಕೆಲಸ ಇದ್ದಾಗ ದಾಖಲೆ ತಾನಾಗೇ ಹುಟ್ಟುತ್ತದೆ. ಈಗ ಸರ್ಕಾರಗಳು ಆರ್ಕೈವ್‌ಗೆ ಕೊಡುವ ದುಡ್ಡಿನಲ್ಲಿ ಒಂದಿಷ್ಟು ಇಂಥ ಶಾಲೆಗಳಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನ್ಯೂ ಸೌತ್ ವೇಲ್ಸ್‌ನ ಕಾಫ್ಸ್ ಹಾರ್ಬರ್‌ನಲ್ಲಿ 2022ರಲ್ಲಿ ಗುಂಬಯಿಂಗಿರ್ ಭಾಷೆಯ ಶಾಲೆ ತೆರೆದಿದೆ. ಅಂಥವು ಇನ್ನೂ ಬೇಕು.

ನೀವು ಏನು ಮಾಡಬಹುದು? ಮೊದಲು ಉಚ್ಚಾರಣೆ ಕಲಿಯಿರಿ. ಕೌರ್ಣ ಗುಂಪಿನವರೇ ಪಾಠದ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕಿದ್ದಾರೆ, ಅವು ಎಲ್ಲರಿಗೂ ಅಂತಲೇ ಹಾಕಿದ್ದು. ಮಗಳ ಜೊತೆ ಕೂತು ನೋಡಿ. ಟಾರೆನ್ಸ್ ಹೊಳೆಯನ್ನು ಕರ್ರವಿರ್ರ ಪರ್ರಿ ಅಂತ ಕರೆದು ಅಭ್ಯಾಸ ಮಾಡಿಕೊಳ್ಳಿ, ಅದೀಗ ಅಧಿಕೃತ ಹೆಸರೇ. ಹೊರಗಿನವರಿಗೆ ತೆರೆದ ತರಗತಿ ಇದ್ದರೆ ಸೇರಿ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕೌರ್ಣದಲ್ಲಿ ಸ್ವಾಗತ ಬೇಕು ಅನ್ನಿಸಿದರೆ ನೆಟ್‌ನಿಂದ ಕಾಪಿ ಮಾಡಬೇಡಿ. ಕೌರ್ಣ ಹಿರಿಯರೊಬ್ಬರನ್ನು ಕರೆಸಿ, ಗೌರವಧನ ಕೊಡಿ. ಹೆಸರೋ ಅನುವಾದವೋ ಬೇಕಾದರೆ ಗುಂಪಿಗೆ ಬರೆದು ಕೇಳಿ. ಅವರ ಸಭೆಯಲ್ಲಿ ಚರ್ಚೆಯಾಗಿ ಬರುತ್ತದೆ, ತಡವಾದರೂ ಕಾಯಿರಿ.

ಸಮಾರಂಭಗಳಲ್ಲಿ ಹಿರಿಯರು ಹಾಡುವಾಗ ಫೋನ್ ಜೇಬಿನಲ್ಲಿರಲಿ. ಬೇಕೇ ಬೇಕು ಅಂದರೆ ಮೊದಲು ಕೇಳಿ, ಎಲ್ಲಿ ಹಾಕುತ್ತೀರಿ ಅಂತ ಹೇಳಿ. 'ಬೇಡ' ಅಂದರೆ ಕಾರಣ ಕೇಳೋಕೆ ಹೋಗಬೇಡಿ.

ನಿಮ್ಮ ಸಾಫ್ಟ್‌ವೇರ್ ಕೈಚಳಕಕ್ಕೂ ಕೆಲಸ ಇದೆ, ಆದರೆ ಅದು ಹೊಸ ಆ್ಯಪ್ ಅಲ್ಲ. ಒಳ್ಳೆಯ ಮನಸ್ಸಿನವರು ಮಾಡಿಕೊಟ್ಟು ಹೋದ ಆ್ಯಪ್‌ಗಳು ಎರಡು ವರ್ಷದಲ್ಲಿ ಅಪ್‌ಡೇಟ್ ಇಲ್ಲದೆ ನಿಂತುಹೋಗುವುದು ಎಲ್ಲ ಕಡೆಯ ಗೋಳು. ಭಾಷಾ ಕೇಂದ್ರಗಳಲ್ಲಿ ನಿಜವಾಗಿ ಕಾಡುವುದು ಬೇರೆ. ಹೆಸರಿಲ್ಲದ ಫೈಲುಗಳು, ಬ್ಯಾಕಪ್ ಇಲ್ಲದ ಹಾರ್ಡ್ ಡಿಸ್ಕು, ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡ ಪದಕೋಶ, ಯಾರು ಯಾವತ್ತು ಎಲ್ಲಿ ಹೇಳಿದ್ದು ಅಂತ ಬರೆಯದ ಸಾವಿರ ಕ್ಲಿಪ್ಪು. ಸ್ವಯಂಸೇವಕರು ಬೇಕಾ ಅಂತ ಒಂದು ಮೇಲ್ ಹಾಕಿ ನೋಡಿ. ಬೇಕು ಅಂದರೆ ಶನಿವಾರ ಹೋಗಿ ಕೂತು ಅವರು ತೋರಿಸಿದ ಫೋಲ್ಡರಿನಿಂದ ಶುರು ಮಾಡಿ.